ಹಳೆ ರಾಕ್‌ಗೆ ಪಳಗಿದ ಕಿವಿ, ಹೊಸ ಬ್ಯಾಂಡಿನ ನಾಲ್ಕು ಸುತ್ತು

ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ 1969ರ ವರ್ಷಾಂತ್ಯದ ಸಿಂಗಲ್ಸ್ (ಬಿಡಿ ಹಾಡುಗಳ) ಪಟ್ಟಿ ತೆಗೆದು ನೋಡಿ. ಮೊದಲ ಸ್ಥಾನದಲ್ಲಿರುವುದು ದಿ ಆರ್ಚೀಸ್ ಹೆಸರಿನ ‘ಶುಗರ್, ಶುಗರ್’. ಆರ್ಚೀಸ್ ಅಂದರೆ ಟಿವಿ ಕಾರ್ಟೂನಿನ ಬ್ಯಾಂಡ್. ಹಾಡಿದ್ದು, ನುಡಿಸಿದ್ದು ಸ್ಟುಡಿಯೊ ಕಲಾವಿದರು. ಲೆಡ್ ಝೆಪ್ಪೆಲಿನ್‌ನ ಮೊದಲೆರಡು ಆಲ್ಬಂ, ಕಿಂಗ್ ಕ್ರಿಮ್ಸನ್‌ನ ಮೊದಲನೆಯದು, ದಿ ಹೂ ತಂಡದ ‘ಟಾಮಿ’ (ಕನ್ನಡದಲ್ಲಿ ಬರೆದರೆ ಹೂವಿನಷ್ಟು ಮೆತ್ತಗೆ ಕೇಳುವ ಈ ತಂಡ ವೇದಿಕೆ ಮೇಲೆ ಗಿಟಾರ್, ಡ್ರಮ್ ಒಡೆದು ಹಾಕುತ್ತಿತ್ತು), ಇವೆಲ್ಲ ಬಂದದ್ದೂ ಅದೇ ವರ್ಷ. “ನಮ್ಮ ಕಾಲದ ಹಾಡು ಅಂದ್ರೆ ಹಾಡು” ಎನ್ನುವವರ ನೆನಪಿನಲ್ಲಿ ಆರ್ಚೀಸ್ ಇರುವುದಿಲ್ಲ. ಐವತ್ತು ವರ್ಷ ಜರಡಿ ಹಿಡಿದ ಕಾಳನ್ನು ಕಳೆದ ಶುಕ್ರವಾರ ಬಿಡುಗಡೆಯಾದ ಜೊಳ್ಳಿನ ಪಕ್ಕ ಇಟ್ಟು ತೂಗಿದರೆ ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ಕೇಳಬೇಕೆ? ಹಳೆ ರಾಕ್ ಕೇಳಿ ಬೆಳೆದವರು ಹೊಸ ಬ್ಯಾಂಡುಗಳ ಕಡೆ ಹೊರಡುವ ಮುಂಚೆ ಇದು ನೆನಪಿರಲಿ.

ಜರಡಿ ಹಿಡಿದದ್ದು ಕಾಲ ಒಂದೇ ಅಲ್ಲ. ‘ಕ್ಲಾಸಿಕ್ ರಾಕ್’ ಎಂಬ ಹೆಸರನ್ನು ಗಟ್ಟಿ ಮಾಡಿದ್ದು 1980ರ ದಶಕದ ಅಮೆರಿಕನ್ ರೇಡಿಯೊ. ಕೇಳುಗರನ್ನು ಸಭಾಂಗಣದಲ್ಲಿ ಕೂರಿಸಿ, ಒಂದೊಂದು ಹಾಡಿನ ಅತಿ ಪರಿಚಿತ ಭಾಗವನ್ನು ಕೆಲವೇ ಸೆಕೆಂಡು ಕೇಳಿಸಿ ಅಂಕ ಹಾಕಿಸುತ್ತಿದ್ದರು. ಅಷ್ಟರಲ್ಲಿ ಗುರುತು ಸಿಗದ ಹಾಡು ಪಟ್ಟಿಯಿಂದ ಹೊರಗೆ. ಉಳಿದ ಕೆಲವು ನೂರು ಹಾಡುಗಳೇ ಸುತ್ತಿ ಸುತ್ತಿ ಬಂದವು. ಹಾಗಾಗಿ ಹಳೆ ರಾಕ್‌ನ ನಿಷ್ಠಾವಂತರು ಹೊಸ ಬ್ಯಾಂಡಿನ ಹುಡುಕಾಟವನ್ನು 2020ರಿಂದಲೇ ಶುರು ಮಾಡಬೇಕೆಂದೇನಿಲ್ಲ. ಥಿನ್ ಲಿಝಿಗಿಂತ ಮೊದಲೇ ಎರಡು ಲೀಡ್ ಗಿಟಾರನ್ನು ಜೋಡಿಸಿ ನುಡಿಸಿದ ವಿಶ್ಬೋನ್ ಆ್ಯಶ್, ಡೀಪ್ ಪರ್ಪಲ್‌ನ ಮೊದಲ ಗಾಯಕ ರಾಡ್ ಇವಾನ್ಸ್ ಹಾಡಿದ ಕ್ಯಾಪ್ಟನ್ ಬಿಯಾಂಡ್‌ನ 1972ರ ಆಲ್ಬಂ, ಮೆಟಾಲಿಕಾದವರೇ ಮರುಹಾಡಿದ ಕಾರ್ಡಿಫ್‌ನ ಬಜಿ: ಇವು ಕೇಳದವರಿಗೆ ಹೊಸ ಬ್ಯಾಂಡುಗಳೇ. ಕಿವಿಗೆ ಮೊದಲ ವ್ಯಾಯಾಮ ಇವುಗಳಿಂದ ಆಗಲಿ. ರೆಕಾರ್ಡಿಂಗ್‌ನ ದನಿ ಪರಿಚಿತ, ಹಾಡು ಮಾತ್ರ ಅಪರಿಚಿತ.

ಇನ್ನು ವಯಸ್ಸಿನ ಮಾತು. ಸಂಶೋಧಕರಾದ ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ಅತಿ ಹೆಚ್ಚು ಮೆಚ್ಚಿದ್ದು ತಮಗೆ ಸುಮಾರು 23–24 ವಯಸ್ಸಾಗಿದ್ದಾಗ ಜನಪ್ರಿಯವಾಗಿದ್ದ ಹಾಡುಗಳನ್ನು. ಇದನ್ನು ಓದಿ “ಅಲ್ಲಿಗೆ ಕಿವಿ ಮುಚ್ಚಿತು” ಎಂದುಕೊಳ್ಳುವವರಿದ್ದಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ 1968ರಲ್ಲಿ ತೋರಿಸಿದ ಸಂಗತಿ: ಬರೀ ಮತ್ತೆ ಮತ್ತೆ ಎದುರಾಗುವುದರಿಂದಲೇ ಇಷ್ಟ ಹುಟ್ಟುತ್ತದೆ. 24ರ ವಯಸ್ಸಿನಲ್ಲಿ ಮನೆಯಲ್ಲಿದ್ದದ್ದು ಹತ್ತು ಕ್ಯಾಸೆಟ್ಟು. ದುಡ್ಡು ಕೊಟ್ಟು ತಂದದ್ದು ಮೊದಲ ಸಲ ಹಿಡಿಸದಿದ್ದರೂ ಇನ್ನೊಮ್ಮೆ ಹಾಕಲೇಬೇಕಿತ್ತು, ಮೂವತ್ತು ಸಲ ತಿರುಗುವಷ್ಟರಲ್ಲಿ ಅದು ‘ಅಮರ’ವಾಗಿರುತ್ತಿತ್ತು. ಇವತ್ತಿನ ಬ್ಯಾಂಡಿಗೆ ಸಿಗುವುದು ನಲವತ್ತು ಸೆಕೆಂಡು, ಆಮೇಲೆ ಹೆಬ್ಬೆರಳು ಮುಂದಿನ ಹಾಡಿಗೆ. ಹಾಡಿನ ಗುಣಕ್ಕಿಂತ ಕೇಳುವ ಸಲಗಳ ಲೆಕ್ಕದಲ್ಲಿ ಹೆಚ್ಚು ಮೋಸ ನಡೆದಿದೆ.

ಆ ಲೆಕ್ಕ ಸರಿಮಾಡುವ ಮುಂಚೆ ಯಾವ ಬಾಗಿಲಿಂದ ಒಳಗೆ ಹೋಗುವುದು ಎಂದು ತೀರ್ಮಾನಿಸಬೇಕು. “ನನಗೆ ಪಿಂಕ್ ಫ್ಲಾಯ್ಡ್ ಇಷ್ಟ” ಎಂಬುದು ವಿಳಾಸವಾಗದು. ಅದರಲ್ಲಿ ಏನು ಇಷ್ಟ? ನಿಧಾನವಾಗಿ ಕಟ್ಟುವ ಗಿಟಾರೋ, ಸಿಂಥಸೈಜರಿನ ಮಂಜೋ, ಮಾತಿನ ಕಹಿಯೋ? ಒಂದು ಪ್ರೀತಿಯ ಆಲ್ಬಂ ಹಾಕಿ, ಮೈ ಜುಮ್ಮೆನ್ನುವ ಮೂರು ಜಾಗದ ನಿಮಿಷ-ಸೆಕೆಂಡನ್ನು ಕಾಗದದ ಮೇಲೆ ಬರೆದುಕೊಳ್ಳಿ. ಆ ಕ್ಷಣ ಯಾವ ವಾದ್ಯ ಏನು ಮಾಡುತ್ತಿದೆ ಅನ್ನುವುದೇ ವಿಳಾಸ.

ಬ್ಲ್ಯಾಕ್ ಸಬ್ಬತ್‌ನ ಭಾರದ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಬೇಕಾದವರಿಗೆ ಸ್ವೀಡನ್ನಿನ ಗ್ರೇವ್‌ಯಾರ್ಡ್, ವಿಚ್‌ಕ್ರಾಫ್ಟ್ ಇವೆ. ರಿಫ್‌ನ ಜತೆ ಉದ್ದದ ಪಯಣವೂ ಬೇಕಾದರೆ ಎಲ್ಡರ್. ಆಲ್ಮನ್ ಬ್ರದರ್ಸ್‌ನ ಸ್ಲೈಡ್ ಗಿಟಾರಿಗೆ ಸೋತವರು ಟೆಡೆಸ್ಕಿ ಟ್ರಕ್ಸ್ ಬ್ಯಾಂಡಿಗೆ ನೇರ ಹೋಗಬಹುದು: ಡೆರೆಕ್ ಟ್ರಕ್ಸ್, ಆಲ್ಮನ್‌ನ ಡ್ರಮ್ಮರ್ ಬುಚ್ ಟ್ರಕ್ಸ್‌ನ ಸೋದರನ ಮಗ, ಸ್ವತಃ ಆ ಬ್ಯಾಂಡಿನಲ್ಲಿ ವರ್ಷಗಟ್ಟಲೆ ನುಡಿಸಿದವನು. ಹೆದ್ದಾರಿಯಲ್ಲಿ ರಾತ್ರಿ ಗಾಡಿ ಓಡಿಸುವಾಗಿನ ಟಾಮ್ ಪೆಟಿ, ಸ್ಪ್ರಿಂಗ್‌ಸ್ಟೀನ್ ಬೇಕೆಂದರೆ ಫಿಲಡೆಲ್ಫಿಯಾದ ದಿ ವಾರ್ ಆನ್ ಡ್ರಗ್ಸ್. 2018ರಲ್ಲಿ ಗ್ರ್ಯಾಮಿ ಗೆದ್ದ ‘ಎ ಡೀಪರ್ ಅಂಡರ್‌ಸ್ಟ್ಯಾಂಡಿಂಗ್’ ಅವರದು. ಬೀಟಲ್ಸ್, ಬೀಚ್ ಬಾಯ್ಸ್‌ನ ಸೇರುದನಿಗೆ ದಿ ಲೆಮನ್ ಟ್ವಿಗ್ಸ್. ಪ್ರಾಗ್ (ಉದ್ದುದ್ದದ, ಜಟಿಲ ರಚನೆಯ ಪ್ರೊಗ್ರೆಸಿವ್ ರಾಕ್) ಕಡೆಯವರಿಗೆ ಸ್ಟೀವನ್ ವಿಲ್ಸನ್‌ಗಿಂತ ಒಳ್ಳೆಯ ಸೇತುವೆ ಇಲ್ಲ. ಕಿಂಗ್ ಕ್ರಿಮ್ಸನ್, ಯೆಸ್, ಜೆಥ್ರೊ ಟಲ್ ಆಲ್ಬಂಗಳನ್ನು ಮರುಮಿಕ್ಸ್ ಮಾಡಿದ್ದೂ ಅವನೇ, ಅವನ 2013ರ ಆಲ್ಬಮ್ಮಿಗೆ ಎಂಜಿನಿಯರ್ ಆಗಿ ಕುಳಿತದ್ದು ‘ಡಾರ್ಕ್ ಸೈಡ್ ಆಫ್ ದ ಮೂನ್’ ರೆಕಾರ್ಡ್ ಮಾಡಿದ್ದ ಆ್ಯಲನ್ ಪಾರ್ಸನ್ಸ್. ಇನ್ನು ಹೆಂಡ್ರಿಕ್ಸ್ ಅಂದರೆ ಪ್ರಾಣ ಬಿಡುವವರು ಅಮೆರಿಕ, ಇಂಗ್ಲೆಂಡ್ ಬಿಟ್ಟು ನೈಜರ್‌ನ ಎಮ್‌ಡೂ ಮೊಕ್ತಾರ್‌ನನ್ನು ಕೇಳಬೇಕು. ಅವನೂ ಎಡಗೈಯವ. 2021ರ ‘ಆಫ್ರಿಕ್ ವಿಕ್ಟಿಮ್’ನಲ್ಲಿ ಗಿಟಾರಿಗೆ ಹತ್ತಿದ ಬೆಂಕಿ ಹೆಂಡ್ರಿಕ್ಸ್‌ನದ್ದೇ, ಕಟ್ಟಿಗೆ ಮಾತ್ರ ಸಹಾರಾದ್ದು.

ಬಾಗಿಲು ಸರಿಯಿದ್ದರೂ ಹೊಸ್ತಿಲಲ್ಲಿ ಎಡವುವುದುಂಟು. ಓಪೆತ್ ಬ್ಯಾಂಡನ್ನು ಯಾರೋ ಹೇಳಿದರೆಂದು ಹಾಕಿ, ಅವರ ಹಳೆ ಆಲ್ಬಂನ ಗುಡುಗುದನಿ ಕೇಳಿ ಹತ್ತು ಸೆಕೆಂಡಿಗೆ ಓಡಿಹೋದವರು ಬಹಳ. ಆ ಗರ್ಜನೆ ಬಿಟ್ಟು, ಹಳೆ ಕಾಲದ ಕೀಬೋರ್ಡುಗಳಾದ ಹ್ಯಾಮಂಡ್ ಆರ್ಗನ್ ಮತ್ತು ಮೆಲೊಟ್ರಾನ್ ಕಡೆ ತಿರುಗಿದ 2011ರ ‘ಹೆರಿಟೇಜ್’ನಿಂದ ಆರಂಭಿಸಿದರೆ ಕಥೆಯೇ ಬೇರೆ. ಕಿಂಗ್ ಗಿಝರ್ಡ್ ಆ್ಯಂಡ್ ದ ಲಿಝರ್ಡ್ ವಿಝರ್ಡ್ 2017 ಒಂದೇ ವರ್ಷದಲ್ಲಿ ಐದು ಆಲ್ಬಂ ತಂದ ತಂಡ, ಒಂದರಂತೆ ಇನ್ನೊಂದಿಲ್ಲ. ಆ್ಯಪ್ ತೋರಿಸುವ ಮೇಲಿನ ಐದು ಹಾಡು ಒತ್ತಿದರೆ ಐದು ಬೇರೆ ಬ್ಯಾಂಡ್ ಕೇಳಿದ ಹಾಗಾಗುತ್ತದೆ. ಅಲ್ಲಿ ಆಲ್ಬಂ ಆರಿಸಿಯೇ ಹೋಗಬೇಕು. ಕೊನೆಯ ಹಾಡು ತಿರುಗಿ ಮೊದಲನೆಯದಕ್ಕೆ ಸೇರಿಕೊಳ್ಳುವ ‘ನಾನಗಾನ್ ಇನ್‌ಫಿನಿಟಿ’ ಒಳ್ಳೆಯ ಆರಂಭ.

ಎಲ್ಲಕ್ಕಿಂತ ದೊಡ್ಡ ತಪ್ಪು ಪಡಿಯಚ್ಚಿನ ಬೆನ್ನು ಹತ್ತುವುದು. ಗ್ರೆಟಾ ವ್ಯಾನ್ ಫ್ಲೀಟ್ ಕೇಳಿದ ಹಳಬರದು ಎರಡೇ ತೀರ್ಪು: “ಅಬ್ಬಾ, ಝೆಪ್ಪೆಲಿನ್!” ಇಲ್ಲವೇ “ಛೆ, ಝೆಪ್ಪೆಲಿನ್.” ಹುಡುಗರು ಚೆನ್ನಾಗಿಯೇ ನುಡಿಸುತ್ತಾರೆ, ಆದರೆ ದನಿ ಅಷ್ಟು ಹತ್ತಿರವಿದ್ದಾಗ ಕಿವಿ ಪ್ರತಿ ಸಾಲನ್ನೂ ಮೂಲಕ್ಕೆ ಹೋಲಿಸುತ್ತ ಕೂರುತ್ತದೆ, ಹೋಲಿಕೆಯಲ್ಲಿ ಮೂಲವೇ ಗೆಲ್ಲುತ್ತದೆ. ಸ್ವಲ್ಪ ದೂರದ ನೆಂಟನನ್ನು ಹುಡುಕುವುದು ಲೇಸು. ಗ್ರೇವ್‌ಯಾರ್ಡ್‌ನವರು 1971ರಂತೆ ಕೇಳಿಸಿದರೂ ಯಾರೊಬ್ಬರ ಹಾಗೂ ಹಾಡುವುದಿಲ್ಲ.

“ಹೊಸದೆಲ್ಲ ಬರೀ ಗದ್ದಲ” ಎಂಬ ದೂರು ಸುಳ್ಳಲ್ಲ, ಅದಕ್ಕೆ ತಾಂತ್ರಿಕ ಕಾರಣವಿದೆ. 1990ರ ದಶಕದಿಂದ ಮಾಸ್ಟರಿಂಗ್‌ನಲ್ಲಿ (ಬಿಡುಗಡೆಗೆ ಮುಂಚಿನ ಕೊನೆಯ ತಿದ್ದುವಿಕೆ) ದನಿಯ ಏರಿಳಿತ ಅದುಮುವ ಕಂಪ್ರೆಸರ್, ಲಿಮಿಟರ್‌ಗಳನ್ನು ಬಿಗಿಮಾಡುತ್ತ ಹೋದರು. ಮೆಲುದನಿ ಮೇಲೆ ಬಂತು, ಏರುದನಿಯ ತಲೆ ಕತ್ತರಿಸಿಹೋಯಿತು, ಏರಿಳಿತ ಸತ್ತಿತು. ಮೆಟಾಲಿಕಾದ 2008ರ ‘ಡೆತ್ ಮ್ಯಾಗ್ನೆಟಿಕ್’ ಎಷ್ಟು ಹಿಂಡಿಹೋಗಿತ್ತೆಂದರೆ, ಗಿಟಾರ್ ಹೀರೊ ಎಂಬ ವಿಡಿಯೊ ಆಟಕ್ಕೆ ಕೊಟ್ಟ ಪ್ರತಿಯೇ ಮೇಲೆಂದು ಅಭಿಮಾನಿಗಳು ಅದನ್ನು ಹುಡುಕಿ ಕೇಳಿದರು. ಡ್ರಮ್ಮನ್ನು ಕ್ಲಿಕ್ ಟ್ರ್ಯಾಕಿಗೆ (ಯಂತ್ರದ ತಾಳಕ್ಕೆ) ಕಟ್ಟಿ, ಪ್ರತಿ ಪೆಟ್ಟನ್ನೂ ಕಂಪ್ಯೂಟರಿನಲ್ಲಿ ಗೆರೆಗೆ ಕೂರಿಸಿದರೆ, ಕೋರಸ್ ಬಂದಾಗ ಲಯ ಒಂದು ಕೂದಲೆಳೆ ಮುಂದೋಡುವ ಹಳೆ ಸುಖವೂ ಹೋಗುತ್ತದೆ. ಆದ್ದರಿಂದ ಅನುಮಾನ ಬಂದ ಬ್ಯಾಂಡನ್ನು ಮೊದಲು ಆಲ್ಬಂನಲ್ಲಿ ಕೇಳದೆ ಲೈವ್ ಸೆಷನ್‌ನಲ್ಲಿ ನೋಡಿ. ಸಿಯಾಟಲ್‌ನ ಕೆಇಎಕ್ಸ್‌ಪಿ ರೇಡಿಯೊದ ವಿಡಿಯೊಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಯಾರ ಕೈಯಲ್ಲಿ ಯಾವ ವಾದ್ಯ ಎಂದು ಕಣ್ಣಿಗೆ ಕಂಡರೆ ಕಿವಿ ಗದ್ದಲದೊಳಗಿಂದ ಎಳೆ ಬಿಡಿಸಿಕೊಳ್ಳುತ್ತದೆ.

ಜೋರಾದದ್ದು ಚೆನ್ನಾಗಿದೆ ಎಂದು ಕಿವಿ ಮೊದಲಿಗೆ ಮೋಸಹೋಗುತ್ತದೆ, ಸ್ವಲ್ಪ ಹೊತ್ತಿಗೆ ದಣಿಯುತ್ತದೆ. ಹಳೆಯದನ್ನೂ ಹೊಸದನ್ನೂ ಹೋಲಿಸುವಾಗ ಎರಡರ ದನಿಯನ್ನೂ ಒಂದೇ ಮಟ್ಟಕ್ಕೆ ತನ್ನಿ. ಸ್ಪಾಟಿಫೈನಲ್ಲಿ ವಾಲ್ಯೂಮ್ ನಾರ್ಮಲೈಸೇಶನ್ ಆನ್ ಮಾಡಿ ‘ನಾರ್ಮಲ್’ನಲ್ಲಿಡಿ, ಹಾಡುಗಳು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ದನಿಯ ಜೋರನ್ನು ಅಳೆಯುವ ಮಾನ) ಬರುತ್ತವೆ. ‘ಲೌಡ್’ ಬೇಡ, ಅದು ತನ್ನದೂ ಒಂದು ಲಿಮಿಟರ್ ಹಾಕುತ್ತದೆ. ಸ್ವಂತ ಫೈಲ್‌ಗಳಾದರೆ ಇದೇ ಕೆಲಸಕ್ಕೆ ರೀಪ್ಲೇಗೇನ್ ಇದೆ. ಹಾಗೆಯೇ, ಆ್ಯಪ್‌ನಲ್ಲಿ ‘ರೀಮಾಸ್ಟರ್’ ಎಂದಿರುವ ಹಳೆ ಆಲ್ಬಂ ಕೂಡ ಈಗಿನ ರೀತಿಯಲ್ಲಿ ಹಿಂಡಿದ್ದಿರಬಹುದು, ನಿಮ್ಮ ನೆನಪಿನ ಎಲ್‌ಪಿ ಅದಲ್ಲ.

ಕಿವಿಯ ವಯಸ್ಸನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ. ವಯಸ್ಸಾದಂತೆ ಮೊದಲು ಹೋಗುವುದು ಮೇಲಿನ ಸ್ವರಗಳು. ಮಾತಿನ ಸ, ಫ, ತ ಮುಂತಾದ ವ್ಯಂಜನಗಳ ಸ್ಪಷ್ಟತೆ ನಿಂತಿರುವುದೂ ಅಲ್ಲಿಯೇ. “ಈಗಿನವರ ಮಾತೇ ತಿಳಿಯದು” ಎನ್ನುವುದರ ಗುಟ್ಟು ಇಷ್ಟೆ: ಹಳೆ ಹಾಡಿನಲ್ಲಿ ಕಿವಿಗೆ ಬೀಳದ ಅಕ್ಷರವನ್ನು ನೆನಪು ತುಂಬಿಕೊಡುತ್ತದೆ, ಹೊಸ ಹಾಡಿನಲ್ಲಿ ತುಂಬಲು ಏನೂ ಇಲ್ಲ. ಮೊದಲ ಸಲವೇ ಸಾಹಿತ್ಯ ಎದುರಿಗಿಟ್ಟುಕೊಂಡು ಕೇಳಿದರೆ ಅರ್ಧ ದೂರು ಅಡಗುತ್ತದೆ. ವಾಲ್ಯೂಮ್ ಏರಿಸುವುದು ಪರಿಹಾರವಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್, ವಾರಕ್ಕೆ 40 ಗಂಟೆ.

ಈಗ ಸುತ್ತುಗಳು. ಒಂದು ಸಲಕ್ಕೆ ಒಂದೇ ಆಲ್ಬಂ, ಹತ್ತು ದಿನದೊಳಗೆ ನಾಲ್ಕು ಸಲ. ಮೊದಲನೆಯದು ಬೇರೆ ಕೆಲಸದ ನಡುವೆ, ತೀರ್ಪು ಕೊಡದೆ, ಸುಮ್ಮನೆ ಕಿವಿ ಮೇಲೆ ಬೀಳಲು. ಎರಡನೆಯದು ಸಾಹಿತ್ಯದ ಜೊತೆ, ಕೂತು. ಒಂದು ಗಂಟೆಯ ಆಲ್ಬಂ ಉದ್ದವಾಯಿತೆನಿಸಿದರೆ 20–22 ನಿಮಿಷಕ್ಕೆ ನಿಲ್ಲಿಸಿ ಉಳಿದದ್ದನ್ನು ಮರುದಿನಕ್ಕಿಡಿ. ಎಲ್‌ಪಿಯ ಒಂದು ಬದಿ ಇದ್ದದ್ದೇ ಅಷ್ಟು, ಕಿವಿಗೆ ಆ ಅಳತೆ ರೂಢಿಯಾಗಿದೆ. ಮೂರನೆಯದಕ್ಕೂ ಎರಡನೆಯದಕ್ಕೂ ಮೂರು ದಿನ ಬಿಡುವಿರಲಿ. ಬಿಡುವಿಲ್ಲದೆ ಒಂದೇ ದಿನ ನಾಲ್ಕು ಸಲ ತಿರುಗಿಸಿದರೆ ಪರಿಚಯದ ಬದಲು ಬೇಸರ ಹುಟ್ಟುತ್ತದೆ. ಎಲ್ಲ ಸಲವೂ ಶಫಲ್ ಆಫ್.

ಆ್ಯಪನ್ನು ತಡೆಯದಿದ್ದರೆ ಈ ಪಾಡೆಲ್ಲ ನೀರಲ್ಲಿ ಹೋಮ. ಹತ್ತು ವರ್ಷ ನೀವು 1973ನ್ನೇ ಕೇಳಿದ್ದರೆ, ಅದನ್ನೇ ಕೇಳುವ ಇತರರ ಪಟ್ಟಿ ನೋಡಿ ಅದು ನಿಮಗೆ ಕೊಡುವುದು 1974. ಹಳೆ ಹಾಡುಗಳ ದೊಡ್ಡ ಪ್ಲೇಲಿಸ್ಟಿನ ಮೂರು ಚುಕ್ಕಿ ಒತ್ತಿ ‘ಟೇಸ್ಟ್ ಪ್ರೊಫೈಲ್’ನಿಂದ ಹೊರಗಿಡುವ ಆಯ್ಕೆ ಸ್ಪಾಟಿಫೈನಲ್ಲಿದೆ. ಹಳೆಯದನ್ನು ಹಾಯಾಗಿ ಕೇಳುವಾಗ ‘ಪ್ರೈವೇಟ್ ಸೆಷನ್’ ಹಾಕಿಕೊಳ್ಳಬಹುದು. ಆಟೊಪ್ಲೇ ಆಫ್ ಮಾಡದಿದ್ದರೆ ಹೊಸ ಆಲ್ಬಂ ಮುಗಿದ ಮರುಗಳಿಗೆ ಬೇರೆ ಹಾಡು ನುಗ್ಗುತ್ತದೆ. ಆಗಷ್ಟೇ ಕೇಳಿದ ಕೊನೆಯ ಹಾಡು ಮನಸ್ಸಿನಲ್ಲಿ ಕೂರಲು ಬೇಕಾದ ಒಂದು ನಿಮಿಷದ ಮೌನ ಸಿಗುವುದಿಲ್ಲ.

ನಾಲ್ಕನೆಯ ಸುತ್ತು ಮುಗಿದು ಎರಡು ದಿನವಾದ ಮೇಲೆ ಆಲ್ಬಂನ ಒಂದು ರಿಫ್ಫಾದರೂ, ಒಂದು ಸಾಲಾದರೂ ಕರೆಯದೆ ಬಾಯಿಗೆ ಬಂತೇ ನೋಡಿ. ಬಂದಿದ್ದರೆ ಅದೇ ಬ್ಯಾಂಡಿನ ಇನ್ನೊಂದು ಆಲ್ಬಂ. ಬರದಿದ್ದರೆ ಮುಲಾಜಿಲ್ಲದೆ ಅಳಿಸಿ, ಕಾಗದದ ಮೇಲಿನ ಎರಡನೆಯ ವಿಳಾಸಕ್ಕೆ ಹೋಗಿ.