ಬಾವಿಯಲ್ಲಿ ಈಜು ಕಲಿತವರು ಕಡಲಿನಿಂದ ಮೇಲೆ ಬರುವಾಗ

ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ (ಸಿಲಿಂಡರ್ ಗಾಳಿ ಉಸಿರಾಡುತ್ತಾ ಮುಳುಗುವುದು) ಮಾಡಲು ಬರುವವರಲ್ಲಿ ಬಹಳ ಜನ ಬಾವಿಯಲ್ಲೋ ಭದ್ರಾ ಚಾನಲ್‌ನಲ್ಲೋ ಈಜು ಕಲಿತವರು. ನೀರಿನ ಹೆದರಿಕೆ ಇರುವುದಿಲ್ಲ, ಅದು ಒಳ್ಳೆಯದೇ. ಆದರೆ ಅವರಿಗೆ ನಾವು ಮೊದಲು ಬಿಡಿಸಬೇಕಾದ ರೂಢಿ ಒಂದಿದೆ: ಉಸಿರು ಬಿಗಿಹಿಡಿದು, ಕಾಲು ಬಡಿದು ಒಂದೇ ಏಟಿಗೆ ಮೇಲೇಳುವುದು.

ಬಾವಿಯಲ್ಲಿ ಅದು ನಡೆಯುತ್ತದೆ. ದಂಡೆಯ ಮೇಲೆ ಎಳೆದುಕೊಂಡ ಉಸಿರು ಕೆಳಗೆ ಕುಗ್ಗಿ, ಮೇಲೆ ಬಂದಾಗ ಮತ್ತೆ ಅಷ್ಟೇ ಆಗುತ್ತದೆ. ಸಿಲಿಂಡರ್ ಗಾಳಿಯ ಲೆಕ್ಕ ಬೇರೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ತುಂಬಿಕೊಂಡ ಉಸಿರು ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಬಿಗಿಹಿಡಿದರೆ ಶ್ವಾಸಕೋಶ ಹರಿಯಬಹುದು. ಅದಕ್ಕೆ ಒಂದೂವರೆ ಮೀಟರ್ ಏರಿಕೆಯೂ ಸಾಕು. ಸಿಲಿಂಡರ್ ಗಾಳಿ ಬಾಯಿಗೆ ಕೊಡುವ ರೆಗ್ಯುಲೇಟರ್ ಬಾಯಲ್ಲಿದ್ದಷ್ಟು ಹೊತ್ತೂ ಉಸಿರಾಡುತ್ತಲೇ ಇರಿ.

ಸೆಳೆತ ಇದ್ದ ದಿನ ಈ ರೂಢಿ ಇನ್ನೂ ಜೋರಾಗಿ ಎಳೆಯುತ್ತದೆ. ದೋಣಿ ದೂರವಾಯಿತು ಅನ್ನಿಸಿದ ಕೂಡಲೇ ಜನ ಅದರತ್ತ ಈಜಲು ನೋಡುತ್ತಾರೆ. ಏದುಸಿರು ಬಂದು ಗಾಳಿ ಬೇಗ ಮುಗಿಯುತ್ತದೆ, ಏರುವ ವೇಗವೂ ಕೈತಪ್ಪುತ್ತದೆ. ಲಂಗರಿನ ಹಗ್ಗ ಕೈಗೆ ಸಿಕ್ಕರೆ ಹಿಡಿದು ಏರಿ. ಸಿಗದಿದ್ದರೆ ಜೊತೆಗಾರನ ಪಕ್ಕದಲ್ಲೇ ಸೆಳೆತದೊಂದಿಗೆ ತೇಲುತ್ತಾ ಏರಿ, ನಿಮ್ಮ ಹತ್ತಿರ ಬರುವುದು ದೋಣಿಯವರ ಕೆಲಸ. ಬಂಡೆಗೋಡೆಯ ಪಕ್ಕ ನೀರು ಕೆಳಕ್ಕೆ ಎಳೆದರೆ ನೇರ ಮೇಲಕ್ಕೆ ಗುದ್ದಾಡಬೇಡಿ. ಗೋಡೆಯಿಂದ ಅಡ್ಡಲಾಗಿ ದೂರ ಸರಿಯಿರಿ.

ಇಂಥ ನೀರಿನಲ್ಲಿ ಸಿಲಿಂಡರ್ ಒತ್ತಡ 70 ಬಾರ್‌ಗೆ (ಬಾರ್ ಎಂದರೆ ಒತ್ತಡದ ಅಳತೆ) ಇಳಿದಾಗಲೇ ಏರಲು ಶುರು ಮಾಡುವುದು ಲೇಸು, ದೋಣಿ ಹತ್ತುವಾಗ 50 ಉಳಿದಿರಬೇಕು. ವೇಗ ನಿಮಿಷಕ್ಕೆ 9 ಮೀಟರ್ ದಾಟಬಾರದು. ತೇಲಲು ಗಾಳಿ ತುಂಬುವ ಜಾಕೆಟ್‌ನೊಳಗಿನ ಗಾಳಿಯೂ ಹಿಗ್ಗುವುದರಿಂದ ಏರುತ್ತಾ ಸ್ವಲ್ಪ ಸ್ವಲ್ಪವೇ ಬಿಡುತ್ತಿರಿ. 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲಿ, ಆಳದಲ್ಲಿ ಮೈಯೊಳಗೆ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಲಿ. ಅಲ್ಲಿ ನಿಲ್ಲಲಾಗದೆ ತೇಲಿಹೋಗುವವರ ತಪ್ಪು ಹೆಚ್ಚಾಗಿ ತೂಕದ ಬೆಲ್ಟ್‌ನಲ್ಲಿರುತ್ತದೆ. 12 ಲೀಟರ್ ಸಿಲಿಂಡರ್ 200ರಿಂದ 50 ಬಾರ್‌ಗೆ ಇಳಿಯುವಷ್ಟರಲ್ಲಿ ಸುಮಾರು 2 ಕಿಲೋ ಹಗುರಾಗುತ್ತದೆ. ಹಾಗಾಗಿ ತೂಕ ಪರೀಕ್ಷಿಸಬೇಕಾದ್ದು ತುಂಬಿದ ಸಿಲಿಂಡರ್‌ನಲ್ಲಲ್ಲ, ಖಾಲಿಯಾಗುತ್ತಾ ಬಂದದ್ದರಲ್ಲಿ.

ಹಗ್ಗವಿಲ್ಲದೆ ಏರುವಾಗ ಕಿತ್ತಳೆ ಬಣ್ಣದ ಉದ್ದನೆಯ ಗಾಳಿಚೀಲವನ್ನು 5 ಮೀಟರ್‌ನಲ್ಲಿ ನಿಲ್ಲುವ ಮೊದಲೇ ಮೇಲೆ ಕಳಿಸಿ. ಅದಿಲ್ಲದಿದ್ದರೆ ಅಲೆಗಳ ನಡುವೆ ನಿಮ್ಮ ತಲೆ ದೋಣಿಯವರಿಗೆ ಕಾಣುವುದೇ ಇಲ್ಲ. 10 ಮೀಟರ್‌ನಲ್ಲಿ ಅರ್ಧ ಊದಿದರೆ ಮೇಲೆ ಹೋಗಿ ತುಂಬಿಕೊಳ್ಳುತ್ತದೆ. ಚೀಲಕ್ಕೆ ಕಟ್ಟಿದ ದಾರದ ಸ್ಪೂಲನ್ನು ಜಾಕೆಟ್‌ಗೆ ಸಿಕ್ಕಿಸಬಾರದು. ದಾರ ಗಂಟುಬಿದ್ದರೆ ಚೀಲ ನಿಮ್ಮನ್ನೂ ಎಳೆದುಕೊಂಡು ಹೋಗುತ್ತದೆ. ಆಗ ಸ್ಪೂಲ್ ಬಿಟ್ಟುಬಿಡಿ.

ನಮ್ಮ ಕಡೆಯವರಿಗೆ ಮತ್ತೊಂದು ಏರಿಕೆ ಬಾಕಿ ಇರುತ್ತದೆ, ಘಾಟಿಯದು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು, ಮೈಯಲ್ಲಿ ಉಳಿದ ಸಾರಜನಕ ಗುಳ್ಳೆಗಟ್ಟಬಹುದು. ದಾವಣಗೆರೆ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ, ಚಿತ್ರದುರ್ಗ ಇನ್ನೂ ಎತ್ತರ. ವಿಮಾನ ಹತ್ತುವವರಿಗೆ ಒಂದು ಡೈವ್ ಆದ ಮೇಲೆ 12 ಗಂಟೆ, ಹೆಚ್ಚು ಡೈವ್ ಆಗಿದ್ದರೆ 18 ಗಂಟೆ ಕಾಯಿರಿ ಎನ್ನುತ್ತಾರೆ. ಘಾಟಿ ಅಷ್ಟು ಎತ್ತರವಲ್ಲ ನಿಜ, ಆದರೂ ಎರಡು ಡೈವ್ ಮಾಡಿದ ಸಂಜೆಯೇ ಗಾಡಿ ಹತ್ತದೆ ಆ ರಾತ್ರಿ ಮುರ್ಡೇಶ್ವರದಲ್ಲೇ ಉಳಿಯಿರಿ. ಕೀಲು ನೋವು, ಜೋಮು, ತಲೆಸುತ್ತು ಕಂಡರೆ ಕೂಡಲೇ ಶುದ್ಧ ಆಕ್ಸಿಜನ್ ಕೊಡಿಸಿ ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.