ಚೋಕ್ ಎಳೆದರೆ ಸರಿ ಓಡುತ್ತದೆ!

ಬಹಳ ದಿನ ಶೆಡ್‌ನಲ್ಲೇ ನಿಂತಿದ್ದ ಅಪ್ಪನ ಹಳೆ ಬೈಕ್ ಸ್ಟಾರ್ಟ್ ಏನೋ ಆಯಿತು. ಆದರೆ ಆಕ್ಸಿಲರೇಟರ್ ತಿರುವಿದ ಕೂಡಲೇ ಒಂದು ಕ್ಷಣ ತಡವರಿಸಿ, ಆಮೇಲೆ ಮುಂದೆ ಹೋಗುತ್ತದೆ. ಕಲಬುರಗಿ ಸೂಪರ್ ಮಾರ್ಕೆಟ್ ಟ್ರಾಫಿಕ್‌ನಲ್ಲಿ ಇದು ದೊಡ್ಡ ಫಜೀತಿ. ಪ್ಲಗ್ ಬದಲಿಸು, ಕಾಯಿಲ್ ನೋಡು ಅಂತ ಎಲ್ಲರದ್ದೂ ಒಂದೊಂದು ಸಲಹೆ. ಓಣಿಯ ಮೆಕ್ಯಾನಿಕ್ ಕಾಕಾ ಮಾತ್ರ, "ಸುಮ್ನೆ ರೊಕ್ಕ ಹಾಕಬ್ಯಾಡಪ್ಪ, ಮೊದಲು ಚೋಕ್ ಅರ್ಧ ಎಳೆದು ಓಡಿಸಿ ನೋಡು" ಅಂದರು.

ತಡವರಿಕೆ ಮಾಯ! ಚೋಕ್ ಎಳೆದರೆ ಗಾಳಿ ಕಮ್ಮಿಯಾಗಿ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಅಂದರೆ ಅಲ್ಲಿವರೆಗೆ ಎಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಪ್ಲಗ್ ಬಿಚ್ಚಿದರೆ ತುದಿ ಬೆಳ್ಳಗಿತ್ತು, ಅದೂ ಇದನ್ನೇ ಹೇಳುತ್ತಿತ್ತು. ನಿಂತ ಪೆಟ್ರೋಲ್ ಆರಿ ಅಂಟಾಗಿ ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್‌ನ ಪೈಲಟ್ ಜೆಟ್‌ನಲ್ಲಿ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನಲ್ಲಿ, ಕೂತಿತ್ತು. ಸೂಜಿ ಚುಚ್ಚಿದರೆ ತೂತು ದೊಡ್ಡದಾಗಿಬಿಡುತ್ತದೆ. ಅದಕ್ಕೇ ಕಾಕಾ ಕ್ಲೀನರ್ ಸ್ಪ್ರೇ ಹೊಡೆದು, ಗಾಳಿ ಬಿಟ್ಟು, ಬೆಳಕಿಗೆ ಹಿಡಿದು ತೋರಿಸಿದರು. ಕೂದಲೆಳೆಯಷ್ಟು ತೂತು. ಇಷ್ಟಕ್ಕೇ ಇಡೀ ಗಾಡಿ ಹಟ ಹಿಡಿದಿತ್ತಲ್ವಾ! ಓಡಿ ಸವೆಯುವುದಕ್ಕಿಂತ ನಿಂತು ಕೆಡುವುದೇ ಜಾಸ್ತಿಯೇನೋ ಅನ್ನಿಸಿತು. ರಿಟೈರ್ ಆದ ಮಾವನೂ ನೆನಪಾದರು, ಇರಲಿ ಬಿಡಿ.

ಟ್ಯಾಂಕ್ ಕೆಲಸ ಇನ್ನೂ ಬಾಕಿ. ಈಗಿನ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಳೆಯದನ್ನೆಲ್ಲ ಇಳಿಸಿ, ಒಳಗಿನ ತುಕ್ಕು ತೊಳೆದು, ಹೊಸ ಫಿಲ್ಟರ್ ಹಾಕಿಸಬೇಕು.