ಕಟಕಟ ಸದ್ದು ಅಡಗಿಸಿದ ಪೆಟ್ರೋಲು

ಗ್ಯಾರೇಜಿಗೆ ಬರುವವರಲ್ಲಿ ದಿನಕ್ಕೊಬ್ಬರಾದರೂ ಕೇಳುತ್ತಾರೆ: "ಪ್ರೀಮಿಯಂ ಪೆಟ್ರೋಲ್ ಹಾಕಿಸಿದ್ರೆ ಪಿಕಪ್ ಜಾಸ್ತಿ ಆಗುತ್ತಂತೆ, ಹೌದಾ?" 2021ರವರೆಗೂ ನಾನು "ಹಾಕಿಸಿ ಸರ್, ಇಂಜಿನ್‌ಗೆ ಒಳ್ಳೇದು" ಅಂತ ಸಲೀಸಾಗಿ ಹೇಳಿಬಿಡುತ್ತಿದ್ದೆ. ಆ ಮಾತು ಬಿಡಿಸಿದ್ದು ಒಬ್ಬ ನಿವೃತ್ತ ಮೇಷ್ಟ್ರ ಕಾರು.

2008ರ ಸಣ್ಣ ಕಾರು, ಒಬ್ಬರೇ ಓಡಿಸಿದ್ದು. "ಹೆಬ್ಬಾಳದ ಫ್ಲೈಓವರ್ ಹತ್ತುವಾಗ ಮೂರನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದ್ರೆ, ಹುಣಸೆಬೀಜ ಡಬ್ಬಿಗೆ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಬರುತ್ತಪ್ಪಾ" ಅಂದರು. ಕೇಳಿದೊಡನೆ ಗೊತ್ತಾಯಿತು, ನಾಕಿಂಗ್: ಸಿಲಿಂಡರಿನೊಳಗೆ ಪೆಟ್ರೋಲು ಹೊತ್ತಲ್ಲದ ಹೊತ್ತಲ್ಲಿ ಸಿಡಿಯುವ ಸದ್ದು. ಆ ಸಿಡಿತವನ್ನು ಪೆಟ್ರೋಲು ತಡೆಯುವ ಅಳತೆಗೆ ಆಕ್ಟೇನ್ ಅನ್ನುತ್ತಾರೆ. ಆಗ ಬಂಕಿನ ಸಾಧಾರಣ ಪೆಟ್ರೋಲು 91 ಆಕ್ಟೇನ್. "95ರ ಪ್ರೀಮಿಯಂ ಹಾಕಿಸಿ ಮೇಷ್ಟ್ರೇ, ಸರಿಹೋಗುತ್ತೆ" ಅಂದೆ. ಬಾನೆಟ್ಟನ್ನೂ ಎತ್ತಲಿಲ್ಲ.

ಸದ್ದು ನಿಂತೇಹೋಯಿತು. ಮೇಷ್ಟ್ರು ಮುಂದಿನ ವಾರ ಮೈಸೂರುಪಾಕು ತಂದುಕೊಟ್ಟರು.

2022ರ ಏಪ್ರಿಲ್‌ನ ಒಂದು ಮಧ್ಯಾಹ್ನ ಅದೇ ಫ್ಲೈಓವರ್ ಮೇಲೆ ಕಾರು ನಿಂತಿತು. ಟೋ ಮಾಡಿಸಿ ತಂದೆವು. ಇಂಜಿನ್ ಆರಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ನೋಡಿದರೆ, ಒಳಗೆ ಗೀಸರ್ ಕಾಯಿಲಿಗೆ ಕಟ್ಟುವಂಥ ಬಿಳಿ ಗಾರೆ. ಬೆರಳಲ್ಲಿ ಕೆರೆದರೆ ಉದುರುತ್ತಿತ್ತು. ಇಂಜಿನ್ ತಂಪಾಗಿಡುವ ದ್ರವ ಕೂಲಂಟ್, ಅದರ ಬದಲು ವರ್ಷಗಟ್ಟಲೆ ಮನೆಯ ಬೋರ್‌ವೆಲ್ ನೀರು ಸುರಿದಿದ್ದರು. ಕಾವಿಗೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ ಬಾಗಿತ್ತು, ಅದರ ಕೆಳಗಿನ ಸೀಲು, ಹೆಡ್ ಗ್ಯಾಸ್ಕೆಟ್, ಸುಟ್ಟಿತ್ತು. ಪಿಂಚಣಿಯಲ್ಲಿ ಬದುಕುವ ಮನುಷ್ಯನಿಗೆ ಆ ಬಿಲ್ಲು ಕೊಡುವಾಗ ನನಗೆ ಮುಖ ಎತ್ತಲಾಗಲಿಲ್ಲ.

ಸಿಲಿಂಡರಿನಲ್ಲಿ ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಬೆಂಕಿ ಒಂದು ಕಡೆಯಿಂದ ಹಬ್ಬುತ್ತಾ ಹೋಗಬೇಕು. ಶಾಖ, ಒತ್ತಡ ಮಿತಿ ಮೀರಿದರೆ ಬೆಂಕಿ ಮುಟ್ಟುವ ಮೊದಲೇ ಉಳಿದ ಪೆಟ್ರೋಲು ತಾನೇ ಸಿಡಿಯುತ್ತದೆ. ಕಟಕಟ ಅನ್ನುವುದು ಆ ಸಿಡಿತ. ಅದನ್ನು ಪೆಟ್ರೋಲು ಎಷ್ಟು ತಡೆದುಕೊಳ್ಳುತ್ತದೆ ಅನ್ನುವ ಅಳತೆಯೇ ಆಕ್ಟೇನ್. ಐಸೋಆಕ್ಟೇನ್ ಎಂಬ ದ್ರವಕ್ಕೆ 100, ಹೆಪ್ಟೇನಿಗೆ 0 ಅಂತ ಇಟ್ಟುಕೊಂಡು ಉಳಿದದ್ದನ್ನು ಹೋಲಿಸುತ್ತಾರೆ. ಅದು ಶಕ್ತಿಯ ಅಳತೆಯಲ್ಲ. ಮೇಷ್ಟ್ರ ಇಂಜಿನ್ ಕಾವಿಗೆ ನರಳುತ್ತಿತ್ತು, ನಾನು 95 ಹಾಕಿಸಿ ಅದರ ಬಾಯಿ ಮುಚ್ಚಿಸಿದೆ.

ನನಗೆ ಆಗಲೇ ಅನುಮಾನ ಬರಬೇಕಿತ್ತು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿ ತೆಳು, ಟರ್ಬೊ ಇಲ್ಲದ ಇಂಜಿನ್ನಿನೊಳಗೆ ಒತ್ತಡವೂ ಅಷ್ಟು ಕಡಿಮೆ. ಮಂಗಳೂರಿನಲ್ಲಿ 91ರಲ್ಲೇ ಸದ್ದಿಲ್ಲದೆ ಓಡುವ ಕಾರು ಇಲ್ಲಿ ನಾಕ್ ಮಾಡುತ್ತಿದೆ ಅಂದರೆ ಮೊದಲು ನೋಡಬೇಕಾದದ್ದು ಕೂಲಂಟ್, ಅದರ ಹರಿವು ಹಿಡಿತದಲ್ಲಿಡುವ ಥರ್ಮೊಸ್ಟಾಟ್, ಪ್ಲಗ್, ಪಿಸ್ಟನ್ ತಲೆಯ ಮಸಿ. ಪೆಟ್ರೋಲು ಆಮೇಲೆ.

ಟರ್ಬೊ ಕಾರಿನ ಲೆಕ್ಕ ಬೇರೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ನಮ್ಮೂರ ಎತ್ತರದ ಲಾಭ ಅದಕ್ಕೆ ಅಷ್ಟಾಗಿ ಸಿಗುವುದಿಲ್ಲ. ಕಂಪನಿಯವರು 95 ಅಂತ ಬರೆದಿದ್ದರೆ 95 ಹಾಕಿಸಲೇಬೇಕು. ಕೆಳಗಿನದು ಹಾಕಿಸಿದರೆ ನಾಕ್ ಸೆನ್ಸರ್ ಗುರುತು ಹಿಡಿದು ಕಿಡಿಯನ್ನು ತಡ ಮಾಡುತ್ತದೆ, ಪಿಕಪ್ಪೂ ಮೈಲೇಜೂ ಇಳಿಯುತ್ತವೆ. ಅದೇ 91 ಸಾಕು ಅಂದ ಕಾರಿಗೆ 100 ಸುರಿಯುವುದು ದುಡ್ಡು ದಂಡ. ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲು ಎಕ್ಸ್‌ಪಿ 100 ಬಂದದ್ದು 2020ರ ಕೊನೆಯಲ್ಲಿ. ಅದು ಗಾಳಿ-ಪೆಟ್ರೋಲನ್ನು ಹೆಚ್ಚು ಒತ್ತುವ, ಅಧಿಕ ಕಂಪ್ರೆಷನ್ನಿನ ದುಬಾರಿ ಬೈಕು, ಕಾರುಗಳಿಗೆ ಸರಿಯಾದ ಪೆಟ್ರೋಲು. ಆಲ್ಟೋಗೆ ಯಾಕೆ?

ಈಗ ಹೆಚ್ಚಿನವರ ಪ್ರಶ್ನೆ ಇ20 ಬಗ್ಗೆ. 2023ರ ಫೆಬ್ರವರಿಯಲ್ಲಿ ಅದನ್ನು ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. ನೂರು ಪಾಲಿನಲ್ಲಿ ಇಪ್ಪತ್ತು ಎಥೆನಾಲ್. ಎಥೆನಾಲಿನಿಂದ ಆಕ್ಟೇನ್ ಏರುತ್ತದೆ, ಆದರೆ ಅದರ ಒಂದು ಲೀಟರಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಹಾಗಾಗಿ "ಮೈಲೇಜ್ ಸ್ವಲ್ಪ ಬಿದ್ದಿದೆ" ಅನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹಳೇ ಗಾಡಿಯಾದರೆ ಸರ್ವಿಸಿಗೆ ಬಂದಾಗಲೆಲ್ಲ ಪೆಟ್ರೋಲ್ ಪೈಪು, ರಬ್ಬರ್ ಸೀಲುಗಳನ್ನು ಕೈಯಲ್ಲಿ ಹಿಚುಕಿ ನೋಡುತ್ತೇನೆ. ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಅವತ್ತೇ ಬದಲಾಯಿಸುತ್ತೇನೆ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನಲ್ಲಿ ಹಳೇ ಪೆಟ್ರೋಲು ಬಿಡಬೇಡಿ, ಎಥೆನಾಲ್ ನೀರಿನ ಪಸೆ ಎಳೆದುಕೊಳ್ಳುತ್ತದೆ.

ಈಗ ಯಾರಾದರೂ ಯಾವ ಪೆಟ್ರೋಲ್ ಅಂತ ಕೇಳಿದರೆ ಅವರನ್ನು ಕಾರಿನ ಹಿಂಭಾಗಕ್ಕೆ ಕರೆದೊಯ್ದು ಟ್ಯಾಂಕಿನ ಮುಚ್ಚಳ ತೆಗೆಸುತ್ತೇನೆ. ಒಳಗಡೆಯ ಸ್ಟಿಕರನ್ನು ಅವರೇ ಓದಲಿ. ಅಲ್ಲಿಲ್ಲದಿದ್ದರೆ ಗ್ಲೋವ್ ಬಾಕ್ಸಿನಲ್ಲಿ ಕವರ್ ಕೂಡ ಬಿಚ್ಚದ ಮ್ಯಾನುಯಲ್ ಇರುತ್ತದೆ. ಸದ್ದಿನ ದೂರು ಹೊತ್ತು ಬಂದವರ ಬಾನೆಟ್ ಎತ್ತದೆ ಒಂದು ಮಾತೂ ಆಡುವುದಿಲ್ಲ.

ಮೇಷ್ಟ್ರ ಕಾರಿಗೆ ಹೊಸ ರೇಡಿಯೇಟರ್ ಹಾಕಿದೆವು, ನನ್ನ ಕೂಲಿ ತೆಗೆದುಕೊಳ್ಳಲಿಲ್ಲ. ಸಾಧಾರಣ ಪೆಟ್ರೋಲು ತುಂಬಿಸಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಬ್ಬಾಳದ ಫ್ಲೈಓವರ್ ಹತ್ತಿಸಿದೆ. ಮೂರನೇ ಗೇರು, ಕಾಲು ಪೂರ್ತಿ ಒತ್ತಿದೆ. ಇಬ್ಬರೂ ಕಿವಿಗೊಟ್ಟು ಕೂತಿದ್ದೆವು. ಬೀಜದ ಸದ್ದಿರಲಿಲ್ಲ.